ಎರಡನೇ ಬ್ಯಾಚಿನ ಲಸಿಕೆ

ಲಸಿಕೆ ರೋಗವನ್ನು ತಡೆಯುತ್ತದೆ ಎಂದು ನಾವೆಲ್ಲ ಓದಿದ್ದೇವೆ. ಆದರೆ ಒಮ್ಮೆ ಲಸಿಕೆಯಿಂದಲೇ ಸಾವಿರಾರು ಕುರಿಗಳಿಗೆ ಅಪಾಯ ಎದುರಾಗಿತ್ತು. ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಈ ಘಟನೆ ಇಷ್ಟವಾಗಲು ಕಾರಣ, ಇದರ ಸುಳಿವು ಸಿಕ್ಕಿದ್ದು ಬ್ಯಾಚಿನ ಲೆಕ್ಕದಿಂದ.

ಬ್ರಿಟನ್ನಿನ ಕುರಿಗಳಿಗೆ ಉಣುಗು ಕಚ್ಚಿ ಬರುವ ರೋಗದ ಹೆಸರು ಲೂಪಿಂಗ್ ಇಲ್. ಇದರ ವೈರಸ್ ನಮ್ಮ ಮಲೆನಾಡಿನ ಮಂಗನ ಕಾಯಿಲೆಯ ವೈರಸ್‌ಗೆ ಹತ್ತಿರದ ಸಂಬಂಧಿ. 1930ರ ದಶಕದಲ್ಲಿ ಸ್ಕಾಟ್ಲೆಂಡಿನ ಮೊರೆಡನ್ ಸಂಸ್ಥೆಯ ಡಬ್ಲ್ಯು. ಎಸ್. ಗಾರ್ಡನ್ ಇದಕ್ಕೆ ಲಸಿಕೆ ತಯಾರಿಸಿದರು. ಈ ವೈರಸ್ ತಗುಲಿಸಿದ ಕುರಿಗಳ ಮೆದುಳು, ಬೆನ್ನುಹುರಿ ಮತ್ತು ಗುಲ್ಮವನ್ನು ಅರೆದು, ವೈರಸ್ ಸಾಯಲೆಂದು ಫಾರ್ಮಾಲಿನ್ ಬೆರೆಸುತ್ತಿದ್ದರು.

1935ರಲ್ಲಿ ಮೂರು ಬ್ಯಾಚ್ ಲಸಿಕೆ ಬಳಕೆಗೆ ಬಂತು. ಎರಡು ವರ್ಷಗಳ ನಂತರ ಕೆಲವು ಮಂದೆಗಳಲ್ಲಿ ಕುರಿಗಳು ತುರಿಕೆ ತಾಳಲಾರದೆ ಬೇಲಿಗೆ ಮೈ ಉಜ್ಜತೊಡಗಿದವು. ಉಣ್ಣೆ ಉದುರಿತು, ನಡಿಗೆ ತಪ್ಪಿತು, ಕೊನೆಗೆ ಸತ್ತವು. ಅದು ಸ್ಕ್ರೇಪಿ ಎಂಬ ಬೇರೆಯೇ ರೋಗ. ಲೆಕ್ಕ ನೋಡಿದಾಗ ಅವೆಲ್ಲ ಎರಡನೇ ಬ್ಯಾಚಿನ ಲಸಿಕೆ ಪಡೆದ ಕುರಿಗಳು! ಆ ಬ್ಯಾಚಿನಲ್ಲಿ 18,000 ಡೋಸ್ ಇದ್ದವು. ಅದಕ್ಕೆ ಬಳಸಿದ ಕೆಲವು ಮರಿಗಳ ತಾಯಿಕುರಿಗಳಿಗೆ ಸ್ಕ್ರೇಪಿಯ ಸಂಪರ್ಕವಿತ್ತು.

ಫಾರ್ಮಾಲಿನ್ ವೈರಸ್‌ಅನ್ನು ಕೊಂದಿತ್ತು. ಆದರೆ ಸ್ಕ್ರೇಪಿಗೆ ಕಾರಣ ವೈರಸ್ ಅಲ್ಲ, ಪ್ರಯಾನ್. ಅದು ತಪ್ಪಾಗಿ ಮಡಿಚಿಕೊಂಡ ಒಂದು ಪ್ರೋಟೀನ್. ಪಕ್ಕದ ಸರಿಯಾದ ಪ್ರೋಟೀನ್‌ಗಳನ್ನೂ ತನ್ನಂತೆಯೇ ಮಾಡುತ್ತಾ ಹೋಗುತ್ತದೆ. ಲೆಡ್ಜರಿನಲ್ಲಿ ಒಂದು ತಪ್ಪು ಬ್ಯಾಲೆನ್ಸ್ ಮುಂದಿನ ಪುಟಕ್ಕೆ ಹೋದರೆ ನಂತರದ ಪುಟಗಳೆಲ್ಲ ತಪ್ಪಾಗುವ ಹಾಗೆ. ಫಾರ್ಮಾಲಿನ್‌ಗೆ ಅದು ಜಗ್ಗುವುದಿಲ್ಲ. ಆದರೆ 1935ರಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಸ್ಟ್ಯಾನ್ಲಿ ಪ್ರುಸಿನರ್ 'ಪ್ರಯಾನ್' ಎಂಬ ಹೆಸರಿಟ್ಟದ್ದೇ 1982ರಲ್ಲಿ. 1997ರಲ್ಲಿ ಅವರಿಗೆ ನೊಬೆಲ್ ಬಂತು. ಅದೇ ಸುಮಾರಿಗೆ ಇಟಲಿಯಲ್ಲಿ ಕುರಿ, ಮೇಕೆಗಳಲ್ಲಿ ಸ್ಕ್ರೇಪಿ ಒಮ್ಮೆಲೇ ಹೆಚ್ಚಾಯಿತು. ಅಲ್ಲಿಯೂ ಸಂಶಯ ಬಂದದ್ದು ಮೆದುಳು ಮತ್ತು ಕೆಚ್ಚಲಿನ ಅಂಗಾಂಶ ಬಳಸಿದ ಒಂದು ಲಸಿಕೆಯ ಮೇಲೆ.

ಬಕ್ರೀದ್‌ಗೆಂದು ಕುರಿ ಸಾಕುವ ನಮ್ಮ ಮಾಮು ಇದನ್ನು ಕೇಳಿ, "ಹಾಗಾದರೆ ನಮ್ಮ ಕುರಿಗಳಿಗೆ ಇಂಜೆಕ್ಷನ್ನೇ ಬೇಡ" ಅಂದರು. "ಮಾಮು, ತಪ್ಪು ಇದ್ದದ್ದು ಲಸಿಕೆ ಹಾಕಿಸಿದ್ದರಲ್ಲಿ ಅಲ್ಲ, ಅದನ್ನು ಮಾಡಿದ ಕಚ್ಚಾ ವಸ್ತುವಿನಲ್ಲಿ" ಎಂದೆ. ಇಂದು ನಮ್ಮ ದೇಶದಲ್ಲಿ ಕುರಿ, ಮೇಕೆಗಳಿಗೆ ಹಾಕುವ ಪಿ.ಪಿ.ಆರ್. ಲಸಿಕೆಯನ್ನು ಮೆದುಳಿನಿಂದ ಮಾಡುವುದಿಲ್ಲ, ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ತಯಾರಿಸುತ್ತಾರೆ. ಲಸಿಕೆ ಬಿಟ್ಟರೆ ಪಿ.ಪಿ.ಆರ್. ಬಂದಾಗ ಇಡೀ ಮಂದೆಯೇ ಹೋಗಬಹುದು.

ಸ್ನೇಹಿತರೇ, ಮನೆಯಲ್ಲಿ ಕುರಿ, ದನ ಇದ್ದರೆ ಲಸಿಕೆ ತಪ್ಪಿಸಬೇಡಿ. ಹಾಕಿಸಿದ ದಿನ ಬಾಟಲಿಯ ಮೇಲಿನ ಬ್ಯಾಚ್ ನಂಬರ್, ತಾರೀಖು, ಯಾವ ಕುರಿಗೆ ಹಾಕಿದ್ದು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎರಡು ವರ್ಷದ ನಂತರ ಕಾಣಿಸುವ ತೊಂದರೆಯ ಮೂಲ ಹುಡುಕಲು ಆ ಒಂದು ಸಾಲು ಬೇಕಾಗಬಹುದು.