ಆರು ತುಂಬುವ ಮೊದಲೇ ಹಡಗು ಹತ್ತಿದ ಮಕ್ಕಳು

ಬಾಸೆಲ್ ಮಿಷನ್ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಮೂರು ಸಂಗತಿಗಳು: ಮಂಗಳೂರು ಹಂಚು, ಅಚ್ಚುಕೂಟ ಮತ್ತು ಕಿಟ್ಟೆಲ್ ಕೋಶ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ 'ಮಂಗಳೂರ ಸಮಾಚಾರ'ವನ್ನು ಸೇರಿಸಿದರೆ ನಾಲ್ಕು. ಈ ಕೆಲಸಗಳ ಬಗ್ಗೆ ಪುಸ್ತಕಗಳು ಬಂದಿವೆ, ವಿಚಾರ ಸಂಕಿರಣಗಳು ನಡೆದಿವೆ. ಆದರೆ ಕೋಶ ಬರೆದವರು, ಶಾಲೆ ನಡೆಸಿದವರು, ಊರೂರು ತಿರುಗಿ ಬೋಧಿಸಿದವರು ರಾತ್ರಿ ಮನೆಗೆ ಮರಳುತ್ತಿದ್ದರು. ಆ ಮನೆಯಲ್ಲಿ ಹೆಂಡತಿ ಇರುತ್ತಿದ್ದಳು, ತೊಟ್ಟಿಲು ಇರುತ್ತಿತ್ತು, ಜ್ವರದ ಔಷಧಿಯ ಸೀಸೆ ಇರುತ್ತಿತ್ತು. ಆ ಮನೆಗಳ ಒಳಗೆ ಏನು ನಡೆಯುತ್ತಿತ್ತೆಂಬುದು ಹೆಚ್ಚು ಜನರಿಗೆ ತಿಳಿಯದ ಕತೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಈ ಸಂಸ್ಥೆ ಹುಟ್ಟಿದ್ದು 1815ರಲ್ಲಿ. ಭಾರತಕ್ಕೆ ಬಂದ ಅದರ ಮೊದಲ ಮೂವರು ಮಿಷನರಿಗಳಾದ ಸಾಮುವೆಲ್ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ 1834ರ ಅಕ್ಟೋಬರಿನಲ್ಲಿ ಕಲ್ಲಿಕೋಟೆಯಲ್ಲಿ ಇಳಿದು, ಅದೇ ತಿಂಗಳ ಕೊನೆಗೆ ಮಂಗಳೂರು ತಲುಪಿದರು. ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಮೂಲ್ಕಿ, ಉಡುಪಿ, ಕೊಡಗು, ಮಲಬಾರುಗಳಿಗೆ ಮಿಷನ್ ಹರಡಿತು. ಬಂದವರಲ್ಲಿ ಬಹುಪಾಲು ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯವರು, ರೈತರ ಮತ್ತು ಕುಶಲಕರ್ಮಿಗಳ ಮಕ್ಕಳು. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಿದ್ದ ಮೋಗ್ಲಿಂಗ್, ಗುಂಡರ್ಟ್ ಅವರಂಥವರು ಆ ಗುಂಪಿನಲ್ಲಿ ಅಪವಾದ.

ಬಾಸೆಲಿನಿಂದ ಹೊರಡುವ ತರುಣ ಸಾಮಾನ್ಯವಾಗಿ ಅವಿವಾಹಿತ. ಮದುವೆ ಅವನ ಸ್ವಂತ ವಿಷಯವೂ ಆಗಿರಲಿಲ್ಲ. 1837ರಲ್ಲಿ ಮಿಷನ್ ಮದುವೆಯ ನಿಯಮಗಳನ್ನು ಮಾಡಿತು. ಹೋದ ಊರಿನಲ್ಲಿ ಮೊದಲು ಕೆಲವು ವರ್ಷ ದುಡಿದು, ಭಾಷೆ ಕಲಿತು, ತಾಳಿಕೆಯುಳ್ಳವನೆಂದು ತೋರಿಸಬೇಕು. ಆಮೇಲೆ ಬಾಸೆಲಿನ ಸಮಿತಿಗೆ ಅರ್ಜಿ ಬರೆಯಬೇಕು. ಊರಿನಲ್ಲಿ ಯಾರಾದರೂ ಹುಡುಗಿ ಮನಸ್ಸಿನಲ್ಲಿದ್ದರೆ ಹೆಸರು ತಿಳಿಸಬಹುದು. ಇಲ್ಲದಿದ್ದರೆ ಸಮಿತಿಯೇ ಹುಡುಕಿ ಕೊಡುತ್ತಿತ್ತು. ಹುಡುಗಿಯ ಆರೋಗ್ಯ, ನಡತೆ, ದೈವಭಕ್ತಿ, ಮನೆತನ ಎಲ್ಲವನ್ನೂ ವಿಚಾರಿಸಲಾಗುತ್ತಿತ್ತು. ನಮ್ಮ ಕಡೆಯ ಹಿರಿಯರು ಜಾತಕ ಹಿಡಿದು ಮನೆಮನೆ ತಿರುಗುವುದಕ್ಕೂ ಇದಕ್ಕೂ ಇದ್ದ ವ್ಯತ್ಯಾಸ ಬಹಳ ದೊಡ್ಡದೇನಲ್ಲ. ಜಾತಕವೊಂದು ಇರಲಿಲ್ಲ, ಅಷ್ಟೆ.

ಒಪ್ಪಿಗೆಯಾದ ಮೇಲೆ ಹುಡುಗಿ ಮಿಷನಿನ ವಧುವೆನಿಸಿ ಹಡಗು ಹತ್ತುತ್ತಿದ್ದಳು. ಜೊತೆಗೆ ಅವಳಂಥದೇ ಇನ್ನಿಬ್ಬರು ಮೂವರು ಹುಡುಗಿಯರು, ಮೇಲ್ವಿಚಾರಣೆಗೆ ಒಂದು ಹಿರಿಯ ದಂಪತಿ. ಆಫ್ರಿಕದ ತುದಿಯನ್ನು ಸುತ್ತಿ ಬರಲು ಮೂರರಿಂದ ಐದು ತಿಂಗಳು. ಈಜಿಪ್ಟಿನ ನೆಲಮಾರ್ಗ ಬಳಕೆಗೆ ಬಂದ ಮೇಲೆ ಅದು ಕಡಿಮೆಯಾಯಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಒಂದು ತಿಂಗಳಿನ ಆಸುಪಾಸಿಗೆ ಇಳಿಯಿತು. ದಡ ಸೇರಿದ ಮೇಲೆಯೇ ಎಷ್ಟೋ ಹುಡುಗಿಯರು ಕೈಹಿಡಿಯುವವನ ಮುಖವನ್ನು ಮೊದಲ ಬಾರಿಗೆ ನೋಡಿದ್ದು. ಕೆಲವೇ ದಿನಗಳಲ್ಲಿ ಮದುವೆ. ವಾಪಸು ಹೋಗುತ್ತೇನೆ ಎನ್ನುವ ದಾರಿ ಹೇಳಿಕೊಳ್ಳಲಿಕ್ಕೆ ಇತ್ತೇ ಹೊರತು ಅದನ್ನು ಹಿಡಿಯುವುದು ಸುಲಭವಿರಲಿಲ್ಲ.

ಮಿಷನರಿಗೆ ಖರ್ಚಿಗೆಂದು ನಿಗದಿಯಾದ ಮೊತ್ತ ಬರುತ್ತಿತ್ತು. ಹೆಂಡತಿಗೆ ಬೇರೆ ಸಂಬಳವಿಲ್ಲ, ಆದರೆ ಕೆಲಸವಿತ್ತು. ಬೆಳಿಗ್ಗೆಯ ಪ್ರಾರ್ಥನೆ ಮುಗಿದೊಡನೆ ಹೆಣ್ಣುಮಕ್ಕಳ ಶಾಲೆ. ಓದು ಬರಹದ ಜೊತೆ ಹೊಲಿಗೆ, ಕಸೂತಿ. ಅನಾಥ ಹುಡುಗಿಯರು ಮನೆಯ ಆವರಣದಲ್ಲೇ ಇರುತ್ತಿದ್ದರು. ಅವರ ಊಟ, ಬಟ್ಟೆ, ಕಾಯಿಲೆ, ಕೊನೆಗೆ ಮದುವೆಯ ಚಿಂತೆಯೂ ಇವಳದೇ. ಗಂಡ ಎತ್ತಿನ ಗಾಡಿಯಲ್ಲೋ ಕುದುರೆಯ ಮೇಲೋ ಹಳ್ಳಿಗಳ ಕಡೆಗೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಆಗ ಇಡೀ ಠಾಣೆಯ ಜವಾಬ್ದಾರಿ ಅವಳ ತಲೆಯ ಮೇಲೆ. ತಲಶೇರಿಯಲ್ಲಿ ಹರ್ಮನ್ ಗುಂಡರ್ಟ್ ಅವರ ಹೆಂಡತಿ ಜೂಲಿ ಹೆಣ್ಣುಮಕ್ಕಳ ಶಾಲೆ ನಡೆಸಿದ್ದು ಹೀಗೆಯೇ. ಆಕೆ ಫ್ರೆಂಚ್ ಆಡುವ ಸ್ವಿಸ್ ಹೆಣ್ಣುಮಗಳು, ಗಂಡ ಜರ್ಮನ್, ಸುತ್ತಮುತ್ತ ಮಲಯಾಳ. 1872ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಗುಂಡರ್ಟರ ಮಲಯಾಳ ನಿಘಂಟಿನ ಹಿಂದೆ ಇಂಥ ಭಾಷೆಗಳ ಸಂತೆಯಂಥ ಮನೆಯೊಂದಿತ್ತು.

ಮನೆಗೆಲಸಕ್ಕೆ ಜನರಿದ್ದರು. ಕುಸಿನಿಗೆ ಒಬ್ಬ, ಬಟ್ಟೆಗೆ ಮಡಿವಾಳ, ಮಕ್ಕಳಿಗೆ ಆಯಾ. ಯುರೋಪಿನಲ್ಲಿ ಸ್ವಂತ ಕೈಯಿಂದ ಹಾಲು ಕರೆದು, ನೆಲ ಒರೆಸಿ ಬೆಳೆದ ರೈತರ ಮಗಳು ಇಲ್ಲಿ ಇದ್ದಕ್ಕಿದ್ದಂತೆ 'ದೊರೆಸಾನಿ'ಯಾಗುತ್ತಿದ್ದಳು. ಮಳೆಗಾಲದಲ್ಲಿ ಮಂಗಳೂರಿನ ಅಳಿವೆ ದಾಟಿ ಹಡಗು ಬರುತ್ತಿರಲಿಲ್ಲ. ಪುಸ್ತಕಗಳಿಗೆ ಬೂಸು ಹಿಡಿಯುವುದು, ಬಟ್ಟೆ ಒಣಗದಿರುವುದು, ಗೆದ್ದಲು, ಇವೆಲ್ಲ ಕರಾವಳಿಯವರಿಗೆ ವಿವರಿಸಬೇಕಾದ ಕಷ್ಟಗಳಲ್ಲ. ತಾಯಿಗೆ ಬರೆದ ಕಾಗದಕ್ಕೆ ಉತ್ತರ ಬರುವ ಹೊತ್ತಿಗೆ, ಕಾಗದದಲ್ಲಿ ಕಾಯಿಲೆಯೆಂದು ಬರೆದಿದ್ದ ಮಗು ಎದ್ದು ಓಡಾಡುತ್ತಿರುತ್ತಿತ್ತು, ಇಲ್ಲವೇ ಮಣ್ಣು ಸೇರಿರುತ್ತಿತ್ತು.

ಸಾವು ಈ ಮನೆಗಳಿಗೆ ಅಪರೂಪದ ಅತಿಥಿಯಾಗಿರಲಿಲ್ಲ. ಕಾಲರಾ, ಆಮಶಂಕೆ, ಚಳಿಜ್ವರ, ಹೆರಿಗೆ. ದಣಿದವರು ಚೇತರಿಸಿಕೊಳ್ಳಲೆಂದು ನೀಲಗಿರಿಯ ಕೇತಿಯಲ್ಲಿದ್ದ ಮಿಷನ್ ಠಾಣೆಗೆ ಹೋಗುತ್ತಿದ್ದರು; ಎಲ್ಲರಿಗೂ ಅಷ್ಟು ಸಮಯ ಸಿಗುತ್ತಿರಲಿಲ್ಲ. ಮೋಗ್ಲಿಂಗರ ಸಂಬಂಧಿಯೂ ಸಹೋದ್ಯೋಗಿಯೂ ಆಗಿದ್ದ, ಕನ್ನಡದಲ್ಲಿ ಬಹಳ ಕೆಲಸ ಮಾಡಿದ್ದ ಗೊಟ್‌ಫ್ರೀಡ್ ವೈಗ್ಲೆ 1855ರಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು. ಅವರ ವಿಧವೆ ಪಾಲೀನ್ ಅವರನ್ನು ಮುಂದೆ ಮೋಗ್ಲಿಂಗರೇ ಮದುವೆಯಾಗಿ ಕೊಡಗಿಗೆ ಕರೆದೊಯ್ದರು. ಕಿಟ್ಟೆಲರ ಮನೆಯದೂ ಇಂಥದೇ ಕತೆ. 1860ರಲ್ಲಿ ಅವರು ಪಾಲೀನ್ ಐಟ್ ಎಂಬಾಕೆಯನ್ನು ಮದುವೆಯಾದರು. ನಾಲ್ಕೇ ವರ್ಷದಲ್ಲಿ, 1864ರಲ್ಲಿ, ಎಳೆಯ ಮಕ್ಕಳನ್ನು ಬಿಟ್ಟು ಆಕೆ ತೀರಿಕೊಂಡರು. 1867ರಲ್ಲಿ ಕಿಟ್ಟೆಲರ ಕೈಹಿಡಿದದ್ದು ಆಕೆಯ ತಂಗಿ ಜೂಲಿ. ಅಕ್ಕ ತೀರಿಹೋದ ಮನೆಗೆ ತಂಗಿಯನ್ನು ಕೊಡುವ ಪದ್ಧತಿ ನಮ್ಮಲ್ಲೂ ಇದೆ. ಎಪ್ಪತ್ತು ಸಾವಿರದಷ್ಟು ಶಬ್ದಗಳ ಆ ಕೋಶ 1894ರಲ್ಲಿ ಹೊರಬಂದಾಗ ಮುಖಪುಟದಲ್ಲಿದ್ದದ್ದು ಒಂದೇ ಹೆಸರು. ಅದು ಸಿದ್ಧವಾಗುತ್ತಿದ್ದ ದೀರ್ಘ ವರ್ಷಗಳಲ್ಲಿ ಮನೆಯನ್ನು ನಿಭಾಯಿಸಿದವರು ಈ ಅಕ್ಕ ತಂಗಿಯರು.

ಆದರೆ ಈ ಕುಟುಂಬಗಳ ಅತಿ ದೊಡ್ಡ ಸಂಕಟ ಸಾವಿನದಾಗಿರಲಿಲ್ಲ. ಅದು ಬದುಕಿರುವ ಮಕ್ಕಳದು.

ಮಿಷನರಿಗಳ ಮಕ್ಕಳನ್ನು ಓದಿಗೆಂದು ಯುರೋಪಿಗೆ ಕಳಿಸುವ ರೂಢಿ ಮೊದಲಿನಿಂದಲೂ ಇತ್ತು. 1853ರಲ್ಲಿ ಬಾಸೆಲಿನ ಸಮಿತಿ ಅದನ್ನು ನಿಯಮವನ್ನಾಗಿ ಮಾಡಿತು. ಯೋಸೆನ್‌ಹಾನ್ಸ್ ಎಂಬ ಕಟ್ಟುನಿಟ್ಟಿನ ಮನುಷ್ಯ ಸಂಸ್ಥೆಯ ಮುಖ್ಯಸ್ಥರಾಗಿದ್ದ ಕಾಲ ಅದು. ಮಗುವಿಗೆ ಆರು ವರ್ಷ ತುಂಬುವಷ್ಟರಲ್ಲಿ ತಂದೆ ತಾಯಿ ಅದನ್ನು ಬಾಸೆಲಿಗೆ ಕಳಿಸಬೇಕು. ಅಲ್ಲಿ ಅವರಿಗೆಂದೇ ಮಕ್ಕಳ ಮನೆ ತೆರೆಯಲಾಯಿತು. ಹುಡುಗರಿಗೆ ಬೇರೆ, ಹುಡುಗಿಯರಿಗೆ ಬೇರೆ. ಊರಿಗೆ ಹೊರಟ ಯಾವುದಾದರೂ ಮಿಷನರಿ ಕುಟುಂಬದ ಕೈಗೆ ಮಗುವನ್ನು ಒಪ್ಪಿಸಿದರೆ ಮುಗಿಯಿತು. ಮತ್ತೆ ನೋಡುವುದು ರಜೆಯ ಮೇಲೆ ಹೋದಾಗ. ಅದಕ್ಕೆ ಹತ್ತು ವರ್ಷ ಆಗಬಹುದು, ಹೆಚ್ಚೂ ಆಗಬಹುದು. ಎಂದೂ ನೋಡದೆಯೇ ಹೋದವರೂ ಇದ್ದರು.

ಇದಕ್ಕೆ ಕೊಡುತ್ತಿದ್ದ ಕಾರಣಗಳು ಹಲವು. ಇಲ್ಲಿನ ಹವೆ ಎಳೆಯ ಮಕ್ಕಳಿಗೆ ಒಗ್ಗುವುದಿಲ್ಲ ಎಂಬುದು ಒಂದು. ಸಣ್ಣ ಸಣ್ಣ ಗೋರಿಗಳನ್ನು ನೋಡಿದವರು ಅದನ್ನು ಸುಳ್ಳೆನ್ನಲಾರರು. ಯುರೋಪಿನ ಶಾಲೆ ಇಲ್ಲಿಲ್ಲ ಎಂಬುದು ಇನ್ನೊಂದು. ಮೂರನೆಯದನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಆಯಾಳ ಕೈಯಲ್ಲಿ ಬೆಳೆದ ಮಗು ತುಳು, ಕನ್ನಡ, ಮಲಯಾಳಗಳನ್ನು ಜರ್ಮನಿಗಿಂತ ಸರಾಗವಾಗಿ ಆಡುತ್ತಿತ್ತು, ನೆಲದ ಮೇಲೆ ಕೂತು ಅನ್ನ ಉಣ್ಣುತ್ತಿತ್ತು, ಇಲ್ಲಿನ ಮಕ್ಕಳ ಜೊತೆ ಆಡಿ ಇಲ್ಲಿಯದೇ ಆಗಿಬಿಡುತ್ತಿತ್ತು. ಜನರ ನಡುವೆ ಬೆರೆತು ಅವರ ಮನಸ್ಸನ್ನು ಗೆಲ್ಲಬೇಕೆಂದು ಬಂದ ಸಂಸ್ಥೆಗೆ ತನ್ನವರ ಮಕ್ಕಳು ಅಷ್ಟು ಚೆನ್ನಾಗಿ ಬೆರೆತದ್ದು ಭಯ ಹುಟ್ಟಿಸಿತು. ನಾಲ್ಕನೆಯ ಕಾರಣವೂ ಇತ್ತು: ಮಕ್ಕಳಿಲ್ಲದಿದ್ದರೆ ತಾಯಿಗೆ ಶಾಲೆಯ ಕೆಲಸಕ್ಕೆ ಬಿಡುವಾಗುತ್ತದೆ. ತನ್ನ ಮಗಳನ್ನು ಹಡಗಿಗೆ ಕಳಿಸಿ ಬಂದ ಹೆಂಗಸು ಮರುದಿನ ಬೆಳಿಗ್ಗೆ ಊರಿನ ಅನಾಥ ಹುಡುಗಿಯರ ತಲೆ ಬಾಚಿ ಪಾಠಕ್ಕೆ ಕೂರಿಸಬೇಕು. ಆಕೆ ಅದನ್ನು ಹೇಗೆ ಸಹಿಸಿದಳೆಂಬುದಕ್ಕೆ ವರದಿಗಳಲ್ಲಿ ಜಾಗವಿರಲಿಲ್ಲ. ಅದಿರುವುದು ಮನೆಗೆ ಬರೆದ ಕಾಗದಗಳಲ್ಲಿ, ದಿನಚರಿಗಳಲ್ಲಿ.

ಗುಂಡರ್ಟರ ಮಗಳು ಮರೀ ಹುಟ್ಟಿದ್ದು 1842ರಲ್ಲಿ, ತಲಶೇರಿಯಲ್ಲಿ. ನಿಯಮ ಬರುವುದಕ್ಕೂ ಮೊದಲೇ, 1840ರ ದಶಕದ ನಡುವಿನಲ್ಲಿ, ಇನ್ನೂ ಪುಟ್ಟ ಮಗುವಾಗಿದ್ದಾಗಲೇ ಆಕೆ ಯುರೋಪಿಗೆ ಹೋದಳು. ತಂದೆ ತಾಯಿ ಭಾರತಕ್ಕೆ ಮರಳಿದರು, ಮಗಳು ಅಲ್ಲಿಯೇ ಉಳಿದಳು. ಸುಮಾರು ಹತ್ತು ವರ್ಷ ಪರರ ಆಶ್ರಯದಲ್ಲಿ ಬೆಳೆದು, 1857ರಲ್ಲಿ ಹದಿನೈದರ ಹುಡುಗಿಯಾಗಿ ಮತ್ತೆ ಭಾರತಕ್ಕೆ ಹೊರಟಳು. ಹಡಗಿನಲ್ಲಿ ಒಬ್ಬ ಇಂಗ್ಲಿಷ್ ತರುಣನ ಪರಿಚಯವಾಗಿ ಅದು ಪ್ರೀತಿಗೆ ತಿರುಗಿತು, ತಂದೆ ಒಪ್ಪಲಿಲ್ಲ. ತೊಟ್ಟಿಲಿನಿಂದ ಎತ್ತಿ ಕಳಿಸಿದ ಮಗಳು ದೊಡ್ಡವಳಾಗಿ ಎದುರು ನಿಂತಾಗ ಅಪ್ಪ ಮಗಳ ನಡುವೆ ಮೊದಲು ನಡೆದ ದೊಡ್ಡ ಮಾತು ಬೇಡವೆಂಬುದೇ ಆಗಿದ್ದು ದುರದೃಷ್ಟ. 1865ರಲ್ಲಿ ಆಕೆ ಚಾರ್ಲ್ಸ್ ಐಸನ್‌ಬರ್ಗ್ ಎಂಬ ಮಿಷನರಿಯನ್ನು ಮದುವೆಯಾಗಿ ಸಿಂಧ್ ಪ್ರಾಂತದ ಹೈದರಾಬಾದಿನಲ್ಲಿ ಸಂಸಾರ ಹೂಡಿದಳು. ಇಬ್ಬರು ಗಂಡುಮಕ್ಕಳಾದರು. ಕಾಯಿಲೆ ಬಿದ್ದ ಗಂಡ 1870ರಲ್ಲಿ ತೀರಿಕೊಂಡ.

ಮಂಗಳೂರಿನ ಮಿಷನಿನಲ್ಲಿ 1869ರಿಂದ ಕೆಲಸ ಮಾಡುತ್ತಿದ್ದ ಯೋಹಾನೆಸ್ ಹೆಸ್ಸೆ ಎಂಬ ತರುಣ, ಹವೆ ಒಗ್ಗದೆ 1873ರಲ್ಲಿ ಯುರೋಪಿಗೆ ಮರಳಿದರು. ಗುಂಡರ್ಟರಿಗೆ ಸಹಾಯಕರಾಗಿ ಜರ್ಮನಿಯ ಕಾಲ್ವ್ ಎಂಬ ಸಣ್ಣ ಊರಿಗೆ ಹೋದರು. ಅಲ್ಲಿದ್ದ ವಿಧವೆ ಮರೀಯನ್ನು 1874ರಲ್ಲಿ ಮದುವೆಯಾದರು. 1877ರಲ್ಲಿ ಅವರಿಗೆ ಹುಟ್ಟಿದ ಮಗನೇ ಹರ್ಮನ್ ಹೆಸ್ಸೆ, 'ಸಿದ್ಧಾರ್ಥ' ಬರೆದವನು, 1946ರ ನೊಬೆಲ್ ಸಾಹಿತ್ಯ ಪ್ರಶಸ್ತಿ ಪಡೆದವನು. ಅವನ ಬಾಲ್ಯದ ಮನೆಯಲ್ಲಿ ಅಜ್ಜನ ಭಾರತದ ಪುಸ್ತಕಗಳಿದ್ದವು, ಭಾರತದ ಮಾತುಗಳಿದ್ದವು, ಭಾರತವನ್ನು ಕಂಡುಬಂದ ಅತಿಥಿಗಳಿದ್ದರು. 1911ರಲ್ಲಿ ಪೂರ್ವದೇಶಗಳ ಪ್ರವಾಸ ಹೊರಟ ಹೆಸ್ಸೆ ಸಿಂಹಳ, ಸುಮಾತ್ರಗಳನ್ನು ಕಂಡ. ಅಮ್ಮ ಹುಟ್ಟಿದ ತಲಶೇರಿಗಾಗಲಿ, ಅಪ್ಪ ದುಡಿದ ಮಂಗಳೂರಿಗಾಗಲಿ ಬರಲೇ ಇಲ್ಲ.

ಎದುರು ದಿಕ್ಕಿನಿಂದ ಕಟ್ಟಿದ ಸಂಸಾರವೂ ಒಂದಿದೆ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತನಾದಾಗ ಊರಿನಲ್ಲಿ ದೊಡ್ಡ ಗಲಭೆಯೇ ಎದ್ದಿತ್ತು. ಮೋಗ್ಲಿಂಗರು ಅವನನ್ನು ಮಗನಂತೆ ಕಂಡು ಬಾಸೆಲಿಗೆ ಓದಲು ಕಳಿಸಿದರು; 1851ರಲ್ಲಿ ಪಾದ್ರಿಯಾಗಿ ಮರಳಿದ. ಮೊದಲ ಹೆಂಡತಿ ತೀರಿಕೊಂಡ ಮೇಲೆ, 1860ರಲ್ಲಿ ಅವನಿಗಾಗಿ ವ್ಯುರ್ಟೆಂಬರ್ಗಿನಿಂದ ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ವಧು ಹಡಗಿನಲ್ಲಿ ಬಂದಳು. ಬಿಳಿಯರೂ ಕರಿಯರೂ ಒಂದೇ ಕ್ಲಬ್ಬಿನಲ್ಲಿ ಕೂರದಿದ್ದ ಕಾಲದಲ್ಲಿ ನಡೆದ ಈ ಮದುವೆಗೆ ಎಷ್ಟು ಧೈರ್ಯ ಬೇಕಿತ್ತೆಂಬುದನ್ನು ಊಹಿಸಬಹುದು. ಕೌಂಡಿನ್ಯ ಕೊನೆಯುಸಿರೆಳೆದದ್ದು 1893ರಲ್ಲಿ, ಕೊಡಗಿನಲ್ಲಿ. ಗುಂಡರ್ಟರು ಕಾಲ್ವ್‌ನಲ್ಲಿ ತೀರಿಕೊಂಡದ್ದೂ ಅದೇ ವರ್ಷ.

ಮಕ್ಕಳನ್ನು ಕಳಿಸುವ ಪದ್ಧತಿ ಇಪ್ಪತ್ತನೆಯ ಶತಮಾನಕ್ಕೂ ಮುಂದುವರಿಯಿತು. ಅದನ್ನು ಒಮ್ಮೆಲೇ ತಲೆಕೆಳಗು ಮಾಡಿದ್ದು 1914ರ ಯುದ್ಧ. ಮಿಷನ್ ಸ್ವಿಟ್ಜರ್ಲೆಂಡಿನದಾದರೂ ಮಿಷನರಿಗಳಲ್ಲಿ ಹೆಚ್ಚಿನವರು ಜರ್ಮನ್ ಪ್ರಜೆಗಳು, ಅಂದರೆ ಬ್ರಿಟಿಷ್ ಸರಕಾರಕ್ಕೆ ಶತ್ರುಗಳು. ಪ್ರಾಯದ ಗಂಡಸರನ್ನು ಅಹಮದ್‌ನಗರದ ಶಿಬಿರದಲ್ಲಿ ಕೂಡಿಹಾಕಲಾಯಿತು. ಹೆಂಗಸರು, ಮಕ್ಕಳು, ವಯಸ್ಸಾದವರನ್ನು 1915 ಮತ್ತು 1916ರಲ್ಲಿ 'ಗೋಲ್ಕೊಂಡ' ಎಂಬ ಹಡಗಿನಲ್ಲಿ ಯುರೋಪಿಗೆ ಸಾಗಿಸಿದರು. ಈ ಸಲ ಹಡಗು ಹತ್ತಿದ ಮಕ್ಕಳ ಜೊತೆ ತಾಯಂದಿರೂ ಇದ್ದರು.

ಆ ಕಾಲದ ಕಾಗದಗಳು, ದಿನಚರಿಗಳು, ಸಾವಿರಾರು ಛಾಯಾಚಿತ್ರಗಳು ಬಾಸೆಲಿನ ಮಿಷನ್ ದಾಖಲಾಗಾರದಲ್ಲಿವೆ. ಜಗಲಿಯ ಮೇಲೆ ಕುಳಿತ ಕುಟುಂಬದ ಚಿತ್ರಗಳಲ್ಲಿ ಗಂಡನ ಹೆಸರು ಸಿಗುತ್ತದೆ, ಎಷ್ಟೋ ಕಡೆ ಹೆಂಡತಿಯದೂ ಸಿಗುತ್ತದೆ. ಮಗುವನ್ನು ಎತ್ತಿಕೊಂಡು ಪಕ್ಕದಲ್ಲಿ ನಿಂತ ಆಯಾಳ ಹೆಸರು ಬರೆದಿಟ್ಟದ್ದು ಅಪರೂಪ. ಮಗು ಮೊದಲ ಮಾತು ಕಲಿತದ್ದು ಅವಳಿಂದ.