ನೀರೊಳಗಿನ ಕೈಗಡಿಯಾರ

‘ಗಡಿಯಾರ’ವೆಂಬ ನಮ್ಮ ಮಾತಿನಲ್ಲಿ ಸಂಸ್ಕೃತದ ‘ಘಟೀ’ ಶಬ್ದವು ಅಡಗಿರುವುದನ್ನು ವಾಚಕರು ಬಲ್ಲರು. ಪೂರ್ವಕಾಲದಲ್ಲಿ ತಳದಲ್ಲಿ ಸಣ್ಣ ರಂಧ್ರವುಳ್ಳ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟು, ಅದು ತುಂಬಿ ಮುಳುಗಿದೊಡನೆ ಒಂದು ಘಳಿಗೆ, ಎಂದರೆ 24 ನಿಮಿಷ, ಕಳೆಯಿತೆಂದು ಎಣಿಸುತ್ತಿದ್ದರು. ನೀರು ಒಳಹೊಕ್ಕರೇ ಆ ಯಂತ್ರವು ಕಾಲವನ್ನು ಹೇಳುತ್ತಿತ್ತು. ನಾವೀಗ ಬರೆಯಹೊರಟಿರುವ ಜಪಾನೀ ಯಂತ್ರಕ್ಕಾದರೋ ನೀರಿನ ಹನಿಯೇ ಶತ್ರು.

ಸಮುದ್ರದೊಳಗೆ ಇಳಿಯುವವನಿಗೆ ಕೈಗಡಿಯಾರವು ಅಲಂಕಾರವಲ್ಲ. ಕೆಳಗೆ ಎಷ್ಟು ನಿಮಿಷ ಇದ್ದೆನೆಂಬುದನ್ನು ಆತನು ಮರೆತರೆ ಬೆನ್ನಿನ ಮೇಲಿನ ಗಾಳಿ ಮುಗಿದುಹೋಗಬಹುದು. ಗಾಬರಿಯಿಂದ ಒಮ್ಮೆಗೇ ಮೇಲೆ ಬಂದರೆ ರಕ್ತದಲ್ಲಿ ಕರಗಿದ್ದ ಸಾರಜನಕವು ಗುಳ್ಳೆಗಟ್ಟಿ ಪ್ರಾಣಕ್ಕೆ ಮುಳುವಾಗಬಹುದು. ಆದಕಾರಣ ಇಂತಹ ಗಡಿಯಾರದ ಮುಖದ ಸುತ್ತ ತಿರುಗುವ ಬಳೆಯೊಂದುಂಟು. ಇಳಿಯುವಾಗ ಅದರ ಗುರುತನ್ನು ನಿಮಿಷದ ಮುಳ್ಳಿಗೆ ಸರಿಹೊಂದಿಸಿದರೆ, ಕಳೆದ ಕಾಲವು ಕಣ್ಣಿಗೆ ಕಾಣುವುದು. ಮುಂದೆ ಬಂದ ಗಡಿಯಾರಗಳಲ್ಲಿ ಈ ಬಳೆಯು ಒಂದೇ ದಿಕ್ಕಿಗೆ ತಿರುಗುವಂತೆ ಮಾಡಿದರು. ಬಂಡೆಗೆ ತಾಗಿ ಸರಿದರೂ ಅದು ಕಳೆದ ಕಾಲವನ್ನು ಹೆಚ್ಚಾಗಿಯೇ ತೋರಿಸುವುದರಿಂದ ಮನುಷ್ಯನು ಬೇಗನೆ ಮೇಲೆ ಬಂದಾನೇ ಹೊರತು ತಡಮಾಡನು.

ಜಪಾನಿನ ಸೀಕೋ ಸಂಸ್ಥೆಯವರು ತಮ್ಮ ಮೊದಲನೆಯ ಇಂತಹ ಗಡಿಯಾರವನ್ನು 1965ರಲ್ಲಿ ಹೊರತಂದರು. ಅದು 150 ಮೀಟರು ಆಳವನ್ನು ತಾಳುವಂತಹುದು. ಕೀಲಿ ಕೊಡಬೇಕಾದುದೂ ಇಲ್ಲ. ಒಳಗಿರುವ ಅರ್ಧಚಂದ್ರಾಕಾರದ ತೂಕವು ಕೈಯ ಚಲನೆಗೆ ತೂಗಾಡಿ ಸ್ಪ್ರಿಂಗನ್ನು ಸುತ್ತುವುದು. ಇದು ಕೇವಲ ಸೋಮಾರಿಯ ಸೌಕರ್ಯವಲ್ಲ. ದಿನವೂ ಗುಂಡಿಯನ್ನು ತಿರುಗಿಸುತ್ತಿದ್ದರೆ ಅದರ ಬುಡದ ರಬ್ಬರು ಸವೆದು ನೀರಿಗೆ ದಾರಿಯಾಗುವುದಷ್ಟೆ.

ಈ ಸಂಸ್ಥೆಯ ಮೂಲಪುರುಷನಾದ ಕಿಂತಾರೋ ಹಟ್ಟೋರಿಯು 1881ರಲ್ಲಿ ಟೋಕಿಯೋ ನಗರದಲ್ಲಿ ಗಡಿಯಾರದ ಅಂಗಡಿಯನ್ನಿಟ್ಟು, 1892ರಲ್ಲಿ ‘ಸೀಕೋಷಾ’ ಎಂಬ ಕಾರ್ಖಾನೆಯನ್ನು ಸ್ಥಾಪಿಸಿದನು. ‘ಸೂಕ್ಷ್ಮಕರ್ಮಶಾಲೆ’ಯೆಂದು ಆ ಹೆಸರನ್ನು ನಾವು ಕನ್ನಡಿಸಬಹುದು. ಜಪಾನಿನ ಮೊದಲನೆಯ ಕೈಗಡಿಯಾರವು 1913ರಲ್ಲಿ ಅಲ್ಲಿಯೇ ಹುಟ್ಟಿತು. ಹತ್ತು ವರ್ಷಗಳ ತರುವಾಯ, 1923ರ ಸೆಪ್ಟೆಂಬರು 1ರ ಮಹಾ ಭೂಕಂಪದಲ್ಲಿ ಕಾರ್ಖಾನೆಯು ಬೆಂಕಿಗೆ ಆಹುತಿಯಾಯಿತು. ಗಿರಾಕಿಗಳು ದುರಸ್ತಿಗೆ ಕೊಟ್ಟಿದ್ದ ಸುಮಾರು 1,500 ಗಡಿಯಾರಗಳೂ ಸುಟ್ಟುಹೋದವು. ದೈವಕೃತವಾದ ಹಾನಿಗೆ ತಾನು ಹೊಣೆಯಲ್ಲವೆಂದಿದ್ದರೆ ಆತನನ್ನು ದೂರುವವರಾರು? ಹಟ್ಟೋರಿಯು ಹಾಗೆನ್ನದೆ ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು, ಕಳೆದುಹೋದುದಕ್ಕೆ ಸಮನಾದ ಹೊಸ ಗಡಿಯಾರವನ್ನು ಬಿಟ್ಟಿಯಾಗಿ ಕೊಟ್ಟನು. ‘ಸೀಕೋ’ ಎಂಬ ಹೆಸರು ಗಡಿಯಾರದ ಮುಖದ ಮೇಲೆ ಮೂಡಿದುದು ಅದರ ಮರುವರ್ಷ, 1924ರಲ್ಲಿ. ಆತನು 1934ರಲ್ಲಿ ತೀರಿಕೊಂಡನು.

ಗಿರಾಕಿಯ ಮಾತಿಗೆ ಕಿವಿಗೊಡುವ ಗುಣವು ಆತನೊಡನೆ ಹೋಗಲಿಲ್ಲವೆಂಬುದಕ್ಕೆ 1968ರ ಒಂದು ಕಾಗದವೇ ಸಾಕ್ಷಿ. ಹಿರೋಷಿಮಾ ಪ್ರಾಂತದ ಕುರೆ ಪಟ್ಟಣದಿಂದ ಅದನ್ನು ಬರೆದವನು ಮುಳುಗುವುದನ್ನೇ ವೃತ್ತಿಯಾಗಿ ಮಾಡಿಕೊಂಡವನು. ಅತ್ಯಂತ ಆಳದ ಕೆಲಸಕ್ಕೆ ತಾಳುವ ಗಡಿಯಾರವೇ ಇಲ್ಲವೆಂಬುದು ಆತನ ದೂರು. ಅಂತಹ ಕೆಲಸದವರು ಹೀಲಿಯಂ ಬೆರೆತ ಗಾಳಿಯನ್ನು ಒತ್ತಡದಿಂದ ತುಂಬಿದ ಕೋಣೆಯಲ್ಲಿ ದಿನಗಟ್ಟಲೆ ವಾಸಿಸುವರು. ಹೀಲಿಯಂ ಅತಿಸೂಕ್ಷ್ಮವಾದ ಅನಿಲ. ನೀರನ್ನು ತಡೆಯುವ ರಬ್ಬರಿನ ಉಂಗುರವನ್ನೂ ದಾಟಿ ಗಡಿಯಾರದೊಳಗೆ ನುಸುಳುವುದು. ಬಳಿಕ ಹೊರಗಿನ ಒತ್ತಡವನ್ನು ಇಳಿಸಿದಾಗ, ಒಳಗೆ ಸಿಕ್ಕಿಬಿದ್ದ ಅನಿಲವು ಗಾಜನ್ನೇ ಸಿಡಿಸಿಬಿಡುವುದುಂಟು!

ಸ್ವಿಸ್ ದೇಶದ ಕೆಲವರು ಒಳಹೊಕ್ಕ ಅನಿಲವನ್ನು ಹೊರಬಿಡುವ ಸಣ್ಣ ಕವಾಟವನ್ನು ಇಟ್ಟರು. ಸೀಕೋದವರು ಅದು ಒಳಗೇ ಬಾರದಂತೆ ಮಾಡಲು ಏಳು ವರ್ಷ ದುಡಿದರು. ಕಳ್ಳನು ಹೊಕ್ಕ ಮೇಲೆ ಹಿತ್ತಿಲ ಬಾಗಿಲನ್ನು ತೆರೆಯುವುದಕ್ಕಿಂತ ಮುಂಬಾಗಿಲನ್ನೇ ಭದ್ರಪಡಿಸುವುದು ಲೇಸೆಂದು ನಮಗೆ ತೋರುವುದು. ಕವಾಟವೂ ಕೆಲಸಮಾಡುವುದೆಂಬುದು ಬೇರೆ ಮಾತು. 1975ರಲ್ಲಿ ಬಂದ ಆ ಗಡಿಯಾರವು 600 ಮೀಟರಿಗೆ ತಾಳುವಂತಹುದು. ಹಿಂಬದಿಯ ಮುಚ್ಚಳವೇ ಇಲ್ಲದ, ಟೈಟಾನಿಯಂ ಲೋಹದ ಒಂದೇ ತುಂಡಿನ ಕವಚ. ಅದರ ಮೇಲೆ ಪೆಟ್ಟನ್ನು ತಡೆಯಲು ಮತ್ತೊಂದು ಹೊರಚಿಪ್ಪು. ಆಳದ ಒತ್ತಡಕ್ಕೆ ಉಡುಪು ಕುಗ್ಗಿದಾಗ ಪಟ್ಟಿಯು ಸಡಿಲವಾಗದಂತೆ ಅದರಲ್ಲಿ ತಿದಿಯಂತಹ ಮಡಿಕೆಗಳು. ನೋಡುವುದಕ್ಕೆ ದೊಡ್ಡ ಡಬ್ಬಿಯಂತಿರುವ ಇದನ್ನು ಸುಂದರವೆಂದು ನಾವು ಹೇಳಲಾರೆವು.

ಈ ಹಳೆಯ ಗಡಿಯಾರಗಳನ್ನು ಈಗ ಆಸಕ್ತರು ಹುಡುಕಿ ಕೊಳ್ಳುವರು. ಹಿರಿಯರಿಂದ ಬಂದದ್ದೊಂದು ವಾಚಕರ ಪೆಟ್ಟಿಗೆಯಲ್ಲಿದ್ದರೆ, ಮುಖದ ಮೇಲಿನ ಮೀಟರುಗಳ ಲೆಕ್ಕವನ್ನು ನಂಬಿ ಕೆರೆಗೆ ಧುಮುಕಬಾರದು. ಆ ಲೆಕ್ಕವು ಹೊಸದಾಗಿದ್ದಾಗಿನದು. ರಬ್ಬರು ಕಾಲಕ್ರಮದಲ್ಲಿ ಗಡುಸಾಗಿ ಬಿರಿಯುವುದು. ಬಲ್ಲವರಿಂದ ಅದನ್ನು ಬದಲಾಯಿಸಿ ಪರೀಕ್ಷೆ ಮಾಡಿಸುವ ತನಕ ಕೈ ತೊಳೆಯುವಾಗಲೂ ಬಿಚ್ಚಿಡುವುದು ಉತ್ತಮ.