ಪೆಟ್ರೋಲ್ ಮುಳ್ಳಿನಿಂದ ರೋಧದ ಪಾಠ

ಹತ್ತನೇ ತರಗತಿಗೆ ‘ವಿದ್ಯುಚ್ಛಕ್ತಿ’ ಘಟಕ ಬೋಧಿಸುವಾಗ, ತಂತಿಯ ಉದ್ದ ಹೆಚ್ಚಿದಂತೆ ರೋಧ ಹೆಚ್ಚುತ್ತದೆ ಎಂದು ಹಲಗೆಯ ಮೇಲೆ ಬರೆದೆ. ಮಕ್ಕಳೂ ಬರೆದುಕೊಂಡರು, ಅಷ್ಟೇ. ಅದೇ ವಾರ ಅಜ್ಜಿಯನ್ನು ಹುಬ್ಬಳ್ಳಿ ಆಸ್ಪತ್ರೆಗೆ ಕರೆದೊಯ್ಯುವಾಗ ನಮ್ಮ ಹಳೆಯ ಕಾರು ತಡಸ ದಾಟಿದ ಮೇಲೆ ಹೆದ್ದಾರಿಯಲ್ಲಿ ನಿಂತುಬಿಟ್ಟಿತು. ಮುಳ್ಳು ಕಾಲು ಟ್ಯಾಂಕ್ ತೋರಿಸುತ್ತಿತ್ತು. ಟ್ಯಾಂಕಿನಲ್ಲಿ ಹನಿಯೂ ಇರಲಿಲ್ಲ. ಆಮೇಲೆ 10 ಲೀಟರ್ ಹಾಕಿಸಿದರೂ ಮುಳ್ಳು ಮಿಸುಕಲಿಲ್ಲ.

ಹಳೆಯ ಕಾರುಗಳಲ್ಲಿ ಮುಳ್ಳು ಅಳೆಯುವುದು ಪೆಟ್ರೋಲನ್ನಲ್ಲ, ವಿದ್ಯುತ್ ಪ್ರವಾಹವನ್ನು. ಟ್ಯಾಂಕಿನೊಳಗೆ ತೇಲುವ ಫ್ಲೋಟಿಗೆ ಒಂದು ಕಡ್ಡಿ ಇರುತ್ತದೆ. ಪೆಟ್ರೋಲ್ ಏರಿಳಿದಂತೆ ಅದರ ಇನ್ನೊಂದು ತುದಿ ರೋಧಕದ ಮೇಲೆ ಜಾರುತ್ತದೆ. ನಮ್ಮ ಪ್ರಯೋಗಾಲಯದ ರಿಯೋಸ್ಟಾಟ್ ಇದ್ದಂತೆ. ಪ್ರವಾಹ ಬ್ಯಾಟರಿಯಿಂದ ಮೀಟರಿಗೆ, ಅಲ್ಲಿಂದ ಟ್ಯಾಂಕಿಗೆ ಹೋಗಿ, ಕಾರಿನ ಲೋಹದ ಮೈಯ ಮೂಲಕ ಮರಳುತ್ತದೆ. ಈ ಮರಳುವ ದಾರಿಯೇ ಅರ್ಥಿಂಗ್.

ದೋಷ ಎಲ್ಲಿದೆ ಎಂದು ಹುಡುಕಲು ಮಂಡಲವನ್ನು ಎರಡು ಭಾಗ ಮಾಡಬೇಕು. ಮೆಕ್ಯಾನಿಕ್ ಕೀ ಆನ್ ಮಾಡಿ ಟ್ಯಾಂಕಿನ ತಂತಿ ಕಳಚಿದರು: ಮುಳ್ಳು ‘ಖಾಲಿ’ಗೆ ಬಿತ್ತು. ಅದೇ ತಂತಿಯನ್ನು ಟ್ಯಾಂಕಿನಿಂದ ದೂರ, ಕ್ಷಣಮಾತ್ರ ಕಾರಿನ ಮೈಗೆ ತಾಗಿಸಿದರು: ‘ಪೂರ್ತಿ’ಗೆ ಏರಿತು. (ಕೆಲವು ಕಾರುಗಳಲ್ಲಿ ಇದು ತಿರುವುಮುರುವು.) ಅಂದರೆ ಮೀಟರು, ತಂತಿ ಸರಿಯಿವೆ. ಅರ್ಥಿಂಗಿಗೆ ಬೇರೆ ತಂತಿ ಕೊಟ್ಟರೂ ಫಲವಿಲ್ಲ. ಉಳಿದದ್ದು ಟ್ಯಾಂಕಿನ ಒಳಗು. ಬಿಚ್ಚಿದಾಗ ಫ್ಲೋಟಿನ ಕಡ್ಡಿ ಸಿಕ್ಕಿಕೊಂಡಿತ್ತು. ಫ್ಲೋಟ್ ತೂತಾಗಿದ್ದರೆ ಅದು ಮುಳುಗಿ ಯಾವಾಗಲೂ ‘ಖಾಲಿ’ ತೋರಿಸುತ್ತಿತ್ತು. ಕಿಡಿ ಹಾರಿ ಪೆಟ್ರೋಲ್ ಆವಿಗೆ ತಗುಲುವ ಭಯವಿರುವುದರಿಂದ ಇದನ್ನು ಮಕ್ಕಳೆದುರು ಕಾರಿನಲ್ಲಿ ಮಾಡಿ ತೋರಿಸಬಾರದು.

ತರಗತಿಯಲ್ಲಿ ಮೀಟರ್ ಪಟ್ಟಿಗೆ ನಿಕ್ರೋಮ್ ತಂತಿ ಬಿಗಿದು, ಎರಡು ಸೆಲ್, ಅಮ್ಮೀಟರ್, ಜಾರುವ ಕ್ಲಿಪ್ ಜೋಡಿಸಿದೆ. ಕ್ಲಿಪ್ಪೇ ಫ್ಲೋಟ್. ಸರಿಸಿದಂತೆ ಮುಳ್ಳು ಏರಿಳಿಯಿತು. ನಂತರ ಮರಳುವ ತಂತಿಯಲ್ಲಿ ಒಂದು ಚಿಕ್ಕ ಬಲ್ಬ್ ಸೇರಿಸಿದೆ. ಕ್ಲಿಪ್ ಇದ್ದಲ್ಲೇ ಇದ್ದರೂ ಮುಳ್ಳು ಇಳಿಯಿತು. “ಕಾರಿನ್ಯಾಗ ಈ ಬಲ್ಬ್ ಯಾವುದು?” ಎಂದೆ. ಹಿಂದಿನ ಬೆಂಚಿನಿಂದ ಉತ್ತರ ಬಂತು: “ತುಕ್ಕು ರೀ ಸರ್.” ಇಡೀ ಬೋಧನಾಭ್ಯಾಸದಲ್ಲಿ ಆ ಹುಡುಗ ಬಾಯಿ ತೆರೆದದ್ದು ಅದೇ ಮೊದಲು.

ಅವನೇ ಮತ್ತೆ ಕೇಳಿದ: “ಮುಳ್ಳು ಅರ್ಧಕ್ಕ ಇದ್ರ ಪೆಟ್ರೋಲೂ ಅರ್ಧನ ಇರ್ತೈತೇನ್ರಿ?” ಹೌದು ಎಂದುಬಿಟ್ಟೆ. ತಪ್ಪು. ಫ್ಲೋಟ್ ಅರಿಯುವುದು ಮಟ್ಟವನ್ನು, ಪರಿಮಾಣವನ್ನಲ್ಲ; ಟ್ಯಾಂಕಿನ ಆಕಾರ ಮೇಲೆ ಕೆಳಗೆ ಒಂದೇ ಸಮ ಇರುವುದಿಲ್ಲ. ಮರುದಿನ ಒಂದು ಬಿಂದಿಗೆ, ಅಳತೆಪಾತ್ರೆ ಒಯ್ದು, ಅರ್ಧ ಎತ್ತರದವರೆಗೆ ಎಷ್ಟು ನೀರು ಹಿಡಿಯುತ್ತದೆಂದು ಅವನ ಕೈಯಿಂದಲೇ ಅಳೆಯಿಸಿದೆ.